ಯೆಜ್ಡಿ ಎಂಜಿನ್ನಿಗೆ ಬಿ.ಪಿ. ನೋಡಿದ್ದು: ಪ್ಯಾಕಿಂಗ್ ಮತ್ತು ಆಯಿಲ್ ಸೀಲ್ ಕೂರಿಸಿದ ನನ್ನ ಅನುಭವ

ಹಳೆಯ ಟು ಸ್ಟ್ರೋಕ್ ಬೈಕಾದ ಯೆಜ್ಡಿಯ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿದ ಮೇಲೂ ಹೊಗೆ ನಿಲ್ಲುವುದಿಲ್ಲ, ಐಡ್ಲಿಂಗ್ ಹತೋಟಿಗೆ ಬರುವುದಿಲ್ಲ ಎಂಬ ದೂರು ನಮ್ಮ ಕಸುಬಿನವರಿಗೆ ಹೊಸದಲ್ಲ. ಇಂಥ ಗಾಡಿ ಬಂದರೆ ಹೆಚ್ಚಿನವರು ಮೊದಲು ಕಾರ್ಬ್ಯುರೇಟರ್ ಬಿಚ್ಚುತ್ತಾರೆ, ಜೆಟ್ ಬದಲಿಸುತ್ತಾರೆ, ಕೊನೆಗೆ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿ ಗಿರಾಕಿಯ ಕೈಗೆ ದೊಡ್ಡ ಬಿಲ್ ಕೊಡುತ್ತಾರೆ. ನಾನು ಕಂಡಂತೆ ರೋಗ ಇರುವುದು ಕ್ರ್ಯಾಂಕ್ ಶಾಫ್ಟಿನ ಎರಡು ತುದಿಗಳಲ್ಲಿ ಸೋರಿಕೆ ತಡೆಯುವ ಉಂಗುರಗಳಾದ ಆಯಿಲ್ ಸೀಲಿನಲ್ಲಿ ಮತ್ತು ಕೇಸಿನ ಜೋಡಿಗಳ ನಡುವೆ ಕೂರುವ ತೆಳು ಹಾಳೆಯಾದ ಪ್ಯಾಕಿಂಗಿನಲ್ಲಿ. ಎಂಜಿನ್ ಫ್ರೇಮಿಗೆ ಏರುವ ಮೊದಲೇ, ಮೇಜಿನ ಮೇಲಿರುವಾಗಲೇ ಅದನ್ನು ಹಿಡಿಯಬಹುದು ಎಂದಾಗ ನಕ್ಕವರೇ ಹೆಚ್ಚು. ‘ಎಂಜಿನ್ನಿಗೆ ಬಿ.ಪಿ. ನೋಡುತ್ತಾನಂತೆ’ ಎಂದು ಟೀ ಅಂಗಡಿಯಲ್ಲಿ ಆಡಿಕೊಂಡವರೂ ಇದ್ದರು. ಅವರಲ್ಲೇ ಇಬ್ಬರು ಈಗ, ಎಂಜಿನ್ನಿಗೆ ಗಾಳಿ ತುಂಬಿ ಸೋರಿಕೆ ಹಿಡಿಯಲು ಬಿ.ಪಿ. ಡಯಲಿನಿಂದ ನಾನು ಕಟ್ಟಿಕೊಂಡ ಯಂತ್ರವನ್ನು ಎರವಲು ಕೇಳಿಕೊಂಡು ಬರುತ್ತಿರುವುದರಿಂದ ಇದನ್ನು ಬರೆದಿಡಬಹುದು ಎನ್ನಿಸಿತು.

ಮೊದಲು ಸಾಮಾನಿನ ಮಾತು. ಮೈಸೂರಿನ ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಕಂಪನಿಯ ಪ್ಯಾಕಿಂಗ್ ಸೆಟ್ ಎಂಬುದು ಹಳೆಯ ಸ್ಟಾಕಿನಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಬಂದ ಹೊಸ ಗಾಡಿಗಳು ಫೋರ್ ಸ್ಟ್ರೋಕ್ ಆದ್ದರಿಂದ ಅವುಗಳ ಸಾಮಾನು ನಮ್ಮ ಎಂಜಿನ್ನಿಗೆ ಉಪಯೋಗಕ್ಕೆ ಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮುನ್ನೂರು ರೂಪಾಯಿಯ ಆಸುಪಾಸಿಗೆ ಸಿಗುವ ಸೆಟ್ಟುಗಳಲ್ಲಿ ಆಕಾರ ಸರಿಯಾಗಿರುತ್ತದೆ, ದಪ್ಪ ಸರಿಯಾಗಿರುವುದಿಲ್ಲ. ಹಳೆಯ ಸ್ಟಾಕಿನ ಬ್ಯಾರಲ್ (ಸಿಲಿಂಡರ್) ಪ್ಯಾಕಿಂಗ್ ನನ್ನ ಮೈಕ್ರೋಮೀಟರಿನಲ್ಲಿ ಅರ್ಧ ಮಿಲಿಮೀಟರಿನಷ್ಟು ತೋರಿಸಿದರೆ ಸೆಟ್ಟಿನದು ಮುಕ್ಕಾಲು ಮಿಲಿಮೀಟರಿಗಿಂತ ಹೆಚ್ಚೇ ಇತ್ತು. ಇಷ್ಟರಿಂದ ಏನಾಗುತ್ತದೆ ಎನ್ನುವವರು ಲೆಕ್ಕ ಹಾಕಲಿ: 65 ಮಿ.ಮೀ. ಬೋರಿನಲ್ಲಿ (ಸಿಲಿಂಡರಿನ ಒಳವ್ಯಾಸ) ಕಾಲು ಮಿಲಿಮೀಟರ್ ಎತ್ತರವೆಂದರೆ ಸುಮಾರು 0.8 ಸಿಸಿ. ಪ್ಯಾಕಿಂಗ್ ದಪ್ಪವಾದಷ್ಟೂ ಬ್ಯಾರಲ್ ಮೇಲೇರುತ್ತದೆ, ಜೊತೆಗೆ ಅದರ ಗೋಡೆಯ ಕಿಂಡಿಗಳಾದ ಪೋರ್ಟುಗಳೂ ಮೇಲೇರುತ್ತವೆ, ಕಂಪ್ರೆಶನ್ ಇಳಿಯುತ್ತದೆ. ಆಮೇಲೆ ಗಾಡಿಗೆ ಎಳೆತವಿಲ್ಲ ಎಂದು ಕಾರ್ಬ್ಯುರೇಟರನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಆದ್ದರಿಂದ ಸೆಟ್ಟನ್ನು ನಾನು ಅಚ್ಚಾಗಿ ಮಾತ್ರ ಬಳಸಿ, ಪ್ಯಾಕಿಂಗ್‌ಗಳನ್ನು ಶೀಟಿನಿಂದ ನಾನೇ ಕತ್ತರಿಸುತ್ತೇನೆ. ಯಾವ ಶೀಟ್ ಎಂಬುದನ್ನು ತೀರ್ಮಾನಿಸಲು ಒಂದು ಸಣ್ಣ ಪ್ರಯೋಗ ಮಾಡಿದೆ. ಆಯಿಲ್ ಪೇಪರ್, ಕಾರ್ಕ್ ಬೆರೆತ ಶೀಟ್, ಕಪ್ಪು ರಬ್ಬರ್ ಶೀಟ್, ನಮ್ಮ ಅನೇಕ ಗ್ಯಾರೇಜುಗಳಲ್ಲಿ ಪ್ಯಾಕಿಂಗ್ ಆಗಿ ಬಾಳಿದ ಮದುವೆ ಕಾಗದ, ಹೀಗೆ ಒಂದೊಂದು ತುಂಡನ್ನು ಮುಚ್ಚಳವಿರುವ ಗಾಜಿನ ಬಾಟಲಿಗಳಲ್ಲಿ ಹಾಕಿ, ಟು-ಟಿ ಆಯಿಲ್ (ಟು ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸಿದ ಪೆಟ್ರೋಲ್ ತುಂಬಿ ಒಂದು ವಾರದಷ್ಟು ಬಿಟ್ಟೆ. ಮದುವೆ ಕಾಗದ ನೆನೆದ ಅವಲಕ್ಕಿಯಂತಾಗಿ ಬೆರಳಿನಲ್ಲೇ ಹಿಸುಕಿಹೋಯಿತು. ಕಾರ್ಕ್ ಶೀಟ್ ದಪ್ಪದಲ್ಲಿ ಹೆಚ್ಚು ಬದಲಾಗಲಿಲ್ಲವಾದರೂ ಅಂಚು ಪುಡಿಯಾಗತೊಡಗಿತ್ತು. ಅದನ್ನು ಕ್ಲಚ್ ಕವರಿಗೆ ಹಾಕಬಹುದು, ಕ್ರ್ಯಾಂಕ್‌ಕೇಸಿನ ಬಳಿಗೆ ತರಬಾರದು. ಕಪ್ಪು ರಬ್ಬರ್ ಉಬ್ಬಿ ಅಗಲವಾಯಿತು. ಒಳ್ಳೆಯ ಆಯಿಲ್ ಪೇಪರ್ ಮಾತ್ರ ಬಣ್ಣ ಬಿಟ್ಟಿತೇ ಹೊರತು ದಪ್ಪ ಬಿಡಲಿಲ್ಲ. ಪೆಟ್ರೋಲಿನಲ್ಲಿ ಈಗ ಎಥೆನಾಲ್ ಬೆರೆತು ಬರುವುದರಿಂದ ಈ ಪರೀಕ್ಷೆಯನ್ನು ಬಂಕಿನ ಇಂದಿನ ಪೆಟ್ರೋಲಿನಲ್ಲೇ ಮಾಡಬೇಕು. ಹತ್ತು ವರ್ಷದ ಹಿಂದೆ ಒಪ್ಪಿದ ಶೀಟ್ ಈಗಲೂ ಒಪ್ಪುತ್ತದೆ ಎಂದು ನಂಬುವಂತಿಲ್ಲ.

ಅದೇ ಬಾಟಲಿಗಳ ಸಾಲಿನಲ್ಲಿ ಸಿಲಿಕೋನ್ ಅಂಟನ್ನೂ ಪರೀಕ್ಷಿಸಿದೆ. ಟ್ಯೂಬಿನಿಂದ ಹಿಂಡಿ ಒಂದು ದಿನ ಪೂರ್ತಿ ಗಟ್ಟಿಯಾಗಲು ಬಿಟ್ಟ ಎಳೆಯನ್ನು ಪೆಟ್ರೋಲಿನಲ್ಲಿ ಇಟ್ಟರೆ ಅದು ಹಿಗ್ಗಿ ಮೆತ್ತಗಾಗಿ, ಉಗುರು ತಗುಲಿಸಿದರೆ ಹರಿದು ಬರುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ ಅದು ಸೊಗಸಾದ ವಸ್ತು, ನಮ್ಮ ಕ್ರ್ಯಾಂಕ್‌ಕೇಸಿಗೆ ಶತ್ರು. ಬೇರೆಡೆ ಕಟ್ಟಿಸಿಕೊಂಡು ನನ್ನ ಬಳಿಗೆ ಬಂದ ಒಂದು ಎಂಜಿನ್ನಿನಲ್ಲಿ ಕೇಸಿನ ಎರಡು ಹೋಳು ಸೇರುವ ನಡುಜೋಡಿಯಿಂದ ಒಳಕ್ಕೆ ಹಿಂಡಿಬಂದ ಸಿಲಿಕೋನಿನ ಎಳೆ ಕಿತ್ತು ಹೋಗಿ, ಕೇಸಿನಿಂದ ಸಿಲಿಂಡರಿಗೆ ಪೆಟ್ರೋಲ್ ಬೆರೆತ ಗಾಳಿ ಏರುವ ಟ್ರಾನ್ಸ್‌ಫರ್ ಪೋರ್ಟಿನ ಬಾಯಲ್ಲಿ ಸಿಕ್ಕಿಕೊಂಡಿತ್ತು. ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುವ, ಪೆಟ್ರೋಲಿಗೆ ಜಗ್ಗದ ಅಂಟನ್ನು ಬೆರಳ ತುದಿಯಿಂದ ಉಜ್ಜಿ, ಲೋಹದ ಬಣ್ಣ ಕಾಣುವಷ್ಟು ತೆಳುವಾಗಿ ಹಚ್ಚಿದರೆ ಸಾಕು. ಅದಕ್ಕೆ ನಾನು ಬೆರೆಸುವ ಇನ್ನೊಂದು ಪದಾರ್ಥದ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಸೀಲ್ ಗುರುತಿಸುವ ವಿಷಯಕ್ಕೆ ಬಂದರೆ, ‘ಯೆಜ್ಡಿ ಕ್ರ್ಯಾಂಕ್ ಸೀಲ್ ಕೊಡಿ’ ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅಂಗಡಿಯವರು ಪೊಟ್ಟಣದ ಮೇಲಿನ ಹೆಸರು ನೋಡಿ ಕೊಡುತ್ತಾರೆ, ಒಳಗಿನ ಮಾಲು ಯಾರದೋ. ವರ್ನಿಯರ್ ಹಿಡಿದು ಶಾಫ್ಟ್, ಕೇಸಿನಲ್ಲಿ ಸೀಲ್ ಕೂರುವ ಗುಂಡಿ, ಅಗಲ ಮೂರನ್ನೂ ಅಳೆದು ಆ ಅಳತೆಯನ್ನೇ ಕೇಳಬೇಕು. ಸೀಲಿನ ಮುಖದ ಮೇಲೆ 25-52-7 ಎಂಬಂತೆ ಮೂರು ಸಂಖ್ಯೆ ಕೊರೆದಿದ್ದರೆ ಅದು ಒಳವ್ಯಾಸ, ಹೊರವ್ಯಾಸ, ಅಗಲ ಎಂಬುದು ನಿಮಗೆ ಗೊತ್ತೇ ಇದೆ. ಅದರ ಪಕ್ಕದ ಅಕ್ಷರಗಳನ್ನು ಓದುವವರು ಕಡಿಮೆ. ಎಸ್‌ಸಿ ಎಂದಿದ್ದರೆ ಶಾಫ್ಟಿಗೆ ಒತ್ತಿಕೊಳ್ಳುವ ರಬ್ಬರ್ ಅಂಚು, ಅಂದರೆ ತುಟಿ, ಒಂದೇ, ಟಿಸಿ ಎಂದಿದ್ದರೆ ಧೂಳಿನ ತುಟಿಯೂ ಸೇರಿ ಎರಡು, ಎರಡಕ್ಕೂ ಹೊರಮೈ ರಬ್ಬರಿನದು. ಕೊನೆಯಲ್ಲಿ ಬಿ ಇದ್ದರೆ ಹೊರಮೈ ತಗಡಿನದು. ಹಿಂದೆ ಯಾರೋ ಸ್ಕ್ರೂಡ್ರೈವರಿನಿಂದ ಮೀಟಿ ಗೀರು ಹಾಕಿದ ಗುಂಡಿಗೆ ತಗಡಿನ ಸೀಲ್ ಹಾಕಿದರೆ ಗೀರಿನ ಸಂದಿನಿಂದಲೇ ಗಾಳಿ ಹೋಗುತ್ತದೆ. ಮೂವತ್ತು ನಲವತ್ತು ವರ್ಷ ದಾಟಿದ ಯಾವ ಕೇಸಿನಲ್ಲಿ ಗೀರು ಇರುವುದಿಲ್ಲ ಹೇಳಿ.

ಇನ್ನು ರಬ್ಬರಿನ ಜಾತಿ. ಸಾಮಾನ್ಯ ನೈಟ್ರೈಲ್ ಸೀಲ್ ಅರವತ್ತು ಎಪ್ಪತ್ತು ರೂಪಾಯಿಗೆ ಸಿಗುತ್ತದೆ, ಸುಮಾರು ನೂರು ಡಿಗ್ರಿಯವರೆಗೆ ಬಾಳುತ್ತದೆ. ವಿಟಾನ್ ಇನ್ನೂರು ಡಿಗ್ರಿ ತಡೆಯುತ್ತದೆ, ಆದರೆ ನಾನೂರಕ್ಕೆ ಕಡಿಮೆ ಕೊಟ್ಟ ನೆನಪಿಲ್ಲ. ಕಂದು ಬಣ್ಣವಿದ್ದರೆ ವಿಟಾನ್ ಎಂದು ನಂಬಿ ದುಡ್ಡು ಕೊಟ್ಟವರನ್ನು ಕಂಡಿದ್ದೇನೆ. ಬಣ್ಣ ಯಾರು ಬೇಕಾದರೂ ಹಾಕಬಹುದು. ಒಂದೇ ಪೆಟ್ಟಿಗೆಯಿಂದ ನಾಲ್ಕಾರು ತಂದಾಗ ಒಂದನ್ನು ಬಲಿಕೊಟ್ಟು, ಉಗುರಿನ ಚೂರಿನಷ್ಟು ರಬ್ಬರ್ ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸುತ್ತೇನೆ. ನೈಟ್ರೈಲ್ ಕಪ್ಪು ಮಸಿ ಬಿಡುತ್ತಾ ಉರಿಯುತ್ತಲೇ ಇರುತ್ತದೆ, ನಿಜವಾದ ವಿಟಾನ್ ಬೆಂಕಿ ಸರಿಸಿದೊಡನೆ ಆರುತ್ತದೆ. ಆ ಹೊಗೆ ಬಹಳ ಕೆಟ್ಟದ್ದು, ಆದ್ದರಿಂದ ಇದನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಾಡಬೇಕು. ಡೈನಮೋ ಕಡೆಗೆ ವಿಟಾನ್, ಕ್ಲಚ್ ಇರುವ ಪ್ರೈಮರಿ ಕಡೆಗೆ ಒಳ್ಳೆಯ ಕಂಪನಿಯ ನೈಟ್ರೈಲ್ ಟಿಸಿ ಎಂಬುದು ನಾನು ಕೊನೆಗೆ ಬಂದು ನಿಂತ ಜೋಡಿ. ಯಾವ ಕಾರಿನ ಸೀಲ್ ಇಲ್ಲಿಗೆ ತಿದ್ದದೆ ಕೂರುತ್ತದೆ ಎಂಬುದನ್ನು ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ಒಳ್ಳೆಯ ಸೀಲನ್ನೂ ಕೆಡಿಸುವುದು ಶಾಫ್ಟ್. ಹಳೆಯ ಸೀಲಿನ ತುಟಿ ಓಡಿದ ಕಡೆ ಉಗುರು ಎಳೆದರೆ ತಡೆಯುವಂಥ ಗೀರು ಬಿದ್ದಿರುತ್ತದೆ, ಹೊಸ ತುಟಿ ಅದೇ ಗೀರಿನಲ್ಲಿ ಕೂತರೆ ಹಳೆಯ ಕತೆಯೇ. ಲೇತಿನವನ ಹತ್ತಿರ ತೆಳು ಸ್ಲೀವ್ ಹಾಕಿಸಲು ಐನೂರು ಆರುನೂರು ಆಗುತ್ತದೆ. ಒಮ್ಮೆ ಹಾಕಿಸಿದೆ, ಸ್ಲೀವ್ ಸ್ವಲ್ಪ ಓಲಿ ಸೀಲನ್ನು ತಿಂದುಹಾಕಿತು, ಹಣ ನೀರಿಗೆ ಹೋಯಿತು. ಈಗ ಗುಂಡಿಯ ಆಳ ಅವಕಾಶ ಕೊಟ್ಟರೆ ಸೀಲನ್ನು ಒಂದು ಮಿಲಿಮೀಟರಿನಷ್ಟು ಸರಿಸಿ ಕೂರಿಸಿ, ತುಟಿ ಸವೆಯದ ಲೋಹದ ಮೇಲೆ ಓಡುವಂತೆ ಮಾಡುತ್ತೇನೆ. ಆದರೆ ಬೇರಿಂಗಿಗೆ ಆಯಿಲ್ ಹೋಗುವ ರಂಧ್ರ ಮುಚ್ಚಿಲ್ಲವೆಂದು ಮೊದಲೇ ನೋಡಿಕೊಳ್ಳಬೇಕು. ಮೈನ್ ಬೇರಿಂಗಿನಲ್ಲಿ ಕೈಗೆ ಸಿಗುವಷ್ಟು ಆಟವಿದ್ದರೆ ಸೀಲಿನ ಮಾತೇ ಬೇಡ, ಮೊದಲು ಬೇರಿಂಗ್.

ಕೂರಿಸುವಾಗ ಸ್ಪ್ರಿಂಗ್ ಇರುವ ಮುಖ ಕ್ರ್ಯಾಂಕಿನ ಕಡೆಗೆ. ಶಾಫ್ಟಿನ ಕೀ ಕೂರುವ ತೋಡಿನ ಚೂಪು ಅಂಚು ತುಟಿಯನ್ನು ಬ್ಲೇಡಿನಂತೆ ಕುಯ್ಯುವುದರಿಂದ ನಂದಿನಿ ಹಾಲಿನ ಪ್ಯಾಕೆಟ್ಟನ್ನು ತೊಳೆದು ಪಟ್ಟಿಯಾಗಿ ಕತ್ತರಿಸಿ ಶಾಫ್ಟಿಗೆ ಬಿಗಿಯಾಗಿ ಸುತ್ತಿ, ಟು-ಟಿ ಆಯಿಲ್ ಸವರಿ, ಅದರ ಮೇಲೆ ಸೀಲನ್ನು ಜಾರಿಸಿ, ಆಮೇಲೆ ಪ್ಯಾಕೆಟ್ಟನ್ನು ಮೆಲ್ಲಗೆ ಎಳೆದುಕೊಳ್ಳುತ್ತೇನೆ. ಇದಕ್ಕಿಂತ ತೆಳುವಾಗಿದ್ದೂ ಹರಿಯದ ಪ್ಲಾಸ್ಟಿಕ್ ನನಗೆ ಸಿಕ್ಕಿಲ್ಲ. ಬಡಿಯಲು ಸೀಲಿನ ಹೊರವ್ಯಾಸಕ್ಕಿಂತ ಕೂದಲೆಳೆಯಷ್ಟು ಕಡಿಮೆಯಿರುವ ಹಳೆಯ ಬೇರಿಂಗ್ ರೇಸ್ ಸಾಕು.

ಇನ್ನು ನಗೆಪಾಟಲಾದ ಯಂತ್ರ. ಕೇಸ್ ಜೋಡಿಸಿ ಬ್ಯಾರಲ್, ಹೆಡ್ ಬಿಗಿದ ಮೇಲೆ, ಕ್ಲಚ್ಚು, ಡೈನಮೋ ಏರುವ ಮೊದಲು, ಎರಡೂ ಸೀಲು ಕಣ್ಣಿಗೆ ಕಾಣುವಂತಿರುವಾಗ ಪರೀಕ್ಷೆ ನಡೆಯಬೇಕು. ಎರಡು ಸೈಲೆನ್ಸರ್ ಪೋರ್ಟಿಗೂ ರಬ್ಬರ್ ಬಿರಡೆ, ಕಾರ್ಬ್ಯುರೇಟರ್ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಮತ್ತು ತಗಡು. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು ಅದಕ್ಕೆ ಹಿತ್ತಾಳೆಯ ನಳಿಗೆ ಬೆಸುಗೆ ಹಾಕಿಸಿ, ಏಳುನೂರು ರೂಪಾಯಿಗೆ ತಂದ ಡಯಲ್ ಬಿ.ಪಿ. ಯಂತ್ರದ ರಬ್ಬರ್ ಬಲ್ಬ್ ಮತ್ತು ಡಯಲನ್ನು ಜೋಡಿಸಿದೆ. ಪಿಸ್ಟನ್ ಪೂರ್ತಿ ಕೆಳಗಿದ್ದಾಗ ಟ್ರಾನ್ಸ್‌ಫರ್ ಪೋರ್ಟ್ ತೆರೆದಿರುವುದರಿಂದ ಪ್ಲಗ್ಗಿನಲ್ಲಿ ಹೊಕ್ಕ ಗಾಳಿ ಕ್ರ್ಯಾಂಕ್‌ಕೇಸಿಗೂ ಇಳಿಯುತ್ತದೆ. ಡಯಲಿನ 300 (ಪಾದರಸದ ಮಿ.ಮೀ.) ಎಂದರೆ ಚದರ ಇಂಚಿಗೆ ಆರು ಪೌಂಡಿಗಿಂತ ಸ್ವಲ್ಪ ಕಡಿಮೆ; ನಾನು 250ಕ್ಕೆ ನಿಲ್ಲಿಸುತ್ತೇನೆ, ಹೆಚ್ಚು ಒತ್ತಿದರೆ ಸೀಲು ಹೊರಕ್ಕೆ ಸರಿಯುವ ಭಯವಿದೆ.

ಮೊದಲ ಎಂಜಿನ್ನಿನಲ್ಲಿ ಮುಳ್ಳು ಹತ್ತು ಎಣಿಸುವುದರೊಳಗೆ ಸೊನ್ನೆಗೆ ಬಿತ್ತು, ನೋಡಲು ಬಂದವರಿಗೆ ಅದೇ ಸಂತೋಷ. ಶೇವಿಂಗ್ ಬ್ರಶ್ಶಿನಲ್ಲಿ ಸೋಪಿನ ನೀರು ಬಳಿದಾಗ ನೊರೆ ಎದ್ದದ್ದು ಸೀಲಿನ ತುಟಿಯಲ್ಲಲ್ಲ, ಅದರ ಹೊರ ಅಂಚಿನಲ್ಲಿ, ಸರಿಯಾಗಿ ಹಳೆಯ ಗೀರಿದ್ದ ಕಡೆ. ತಗಡಿನ ಸೀಲ್ ತೆಗೆದು ರಬ್ಬರ್ ಮೈಯದನ್ನು ಹಾಕಿದ ಮೇಲೆ ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಈ ಬಾರಿ ನೊರೆ ಸಾಸಿವೆ ಕಾಳಿನಷ್ಟು ಸಣ್ಣದು, ಕೇಸಿನ ಕೆಳಭಾಗದ ಡ್ರೇನ್ ಸ್ಕ್ರೂವಿನ ವಾಷರಿನಲ್ಲಿ. ಅಲ್ಲಿಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿದ ತಾಮ್ರದ ವಾಷರ್ ಹಾಕಿದೆ. ನಡುಜೋಡಿಯ ಮುಖಗಳನ್ನು ಗಾಜಿನ ಮೇಲೆ ಪೇಸ್ಟ್ ಹಾಕಿ ತಿಕ್ಕಬೇಕು ಎಂಬ ಸಲಹೆ ಹಲವರಿಂದ ಬಂತು. ಬ್ಯಾರಲ್ಲಿಗೆ ಅದು ಸರಿ, ಕೇಸಿನ ಹೋಳುಗಳಿಗೆ ನಾನು ಒಪ್ಪುವುದಿಲ್ಲ. ಅಲ್ಲಿ ಎದ್ದ ಉಬ್ಬನ್ನು ಮಾತ್ರ ತಗ್ಗಿಸಿದರೆ ಸಾಕು, ಹೆಚ್ಚು ತಿಕ್ಕಿದರೆ ಕ್ರ್ಯಾಂಕಿನ ಪಕ್ಕದಾಟ ಬದಲಾಗುತ್ತದೆ.

ಕೊನೆಗೆ ಆರೇಳು ನಿಮಿಷದಲ್ಲಿ 250ರಿಂದ 220ಕ್ಕೆ ಮಾತ್ರ ಇಳಿದಾಗ ಒಪ್ಪಿಕೊಂಡೆ. ಆಮೇಲೆ ಪಿಸ್ಟನ್ ಮೇಲಕ್ಕೆ ತಂದು, ಕಾರ್ಬ್ಯುರೇಟರ್ ಬಾಯಿಯ ತಗಡಿಗೆ ನಳಿಗೆ ಜೋಡಿಸಿ ಇನ್ನೊಮ್ಮೆ ಗಾಳಿ ತುಂಬಬೇಕು, ಏಕೆಂದರೆ ಪಿಸ್ಟನ್ ಕೆಳಗಿದ್ದಾಗ ಆ ಬಾಯಿಗೆ ಅಡ್ಡ ನಿಂತಿರುತ್ತದೆ ಮತ್ತು ಅಲ್ಲಿನ ಪ್ಯಾಕಿಂಗಿನ ದೋಷ ಮರೆಯಾಗಿಬಿಡುತ್ತದೆ. ದೊಡ್ಡ ಸಿರಿಂಜಿನಿಂದ ಗಾಳಿ ಎಳೆದು ಉಲ್ಟಾ ಪರೀಕ್ಷೆಯನ್ನೂ ಮಾಡಿ ನೋಡಿದೆ. ಒತ್ತಡಕ್ಕೆ ಗಟ್ಟಿಯಾಗಿ ನಿಂತ ಒಂದು ಅಗ್ಗದ ಸೀಲ್ ಎಳೆತಕ್ಕೆ ತುಟಿ ಎತ್ತಿಬಿಟ್ಟಿತು. ಪ್ರೈಮರಿ ಕಡೆ ಹೀಗಾದರೆ ಎಂಜಿನ್ ಪ್ರತಿ ಸುತ್ತಿಗೂ ಗೇರ್ ಆಯಿಲ್ ಕುಡಿಯುತ್ತದೆ. ಹೊಗೆಯ ಮೂಲ ಬಹುಪಾಲು ಇದೇ.

ಖರ್ಚಿನ ಲೆಕ್ಕ ಕೇಳುವವರಿಗಾಗಿ: ಸೀಲು, ಶೀಟು, ಅಂಟು, ತಾಮ್ರ ಎಲ್ಲ ಸೇರಿ ಒಂದು ಎಂಜಿನ್ನಿಗೆ ಸಾವಿರದ ಇನ್ನೂರರಿಂದ ಒಂದೂವರೆ ಸಾವಿರ, ಬೇರಿಂಗ್ ಬೇರೆ. ಪರೀಕ್ಷೆಗೆ ಅರ್ಧ ದಿನ ಹಿಡಿಯುತ್ತದೆ, ಅದಕ್ಕೆ ಬೇರೆ ಕೂಲಿ ಹಾಕುತ್ತೇನೆ, ಗಿರಾಕಿಗಳು ತಕರಾರಿಲ್ಲದೆ ಕೊಡುತ್ತಾರೆ. ಆ ಮೊದಲ ಎಂಜಿನ್ನಿನ ಗಾಡಿಯಾದ ಯೆಜ್ಡಿ ರೋಡ್‌ಕಿಂಗ್ ಈಗ ನಾಲ್ಕು ಸಾವಿರ ಕಿಲೋಮೀಟರಿನಷ್ಟು ಓಡಿದೆ. ಲೀಟರಿಗೆ 40 ಮಿಲಿ ಟು-ಟಿ ಆಯಿಲ್ ಹಾಕಿದರೂ ಎಂಜಿನ್ ಕಾದ ಮೇಲೆ ಹೊಗೆ ಹುಡುಕಬೇಕು, ಗೇರ್ ಆಯಿಲ್ ಮಟ್ಟ ಇಳಿದಿಲ್ಲ, ಚಾಮುಂಡಿ ಬೆಟ್ಟ ಹತ್ತಿ ನಿಲ್ಲಿಸಿದರೆ ಐಡ್ಲಿಂಗ್ ತಾನಾಗಿ ಏರುವುದಿಲ್ಲ. ಒಂದು ವಿಷಯ ಮಾತ್ರ ಗಿರಾಕಿಗೆ ಮೊದಲೇ ಹೇಳಿ ಕಳುಹಿಸುತ್ತೇನೆ: ಮುನ್ನೂರು ಕಿಲೋಮೀಟರಿನ ಒಳಗೆ ಗಾಡಿ ತಂದು, ಎಂಜಿನ್ ಪೂರ್ತಿ ತಣಿದಿರುವಾಗ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಅಡ್ಡಡ್ಡ ಕ್ರಮದಲ್ಲಿ ಬಿಗಿಸಿಕೊಂಡು ಹೋಗಬೇಕು. ಹೊಸ ಪೇಪರ್ ಪ್ಯಾಕಿಂಗ್ ಅಷ್ಟರಲ್ಲಿ ಒತ್ತಿಕೊಂಡಿರುತ್ತದೆ, ನಟ್ಟು ಕಾಲು ಸುತ್ತಿನಷ್ಟು ತಿರುಗಿಯೇ ತಿರುಗುತ್ತದೆ. ಬಾರದೆ ಉಳಿದವರ ಎಂಜಿನ್ನಿಗೆ ನಾನು ಗ್ಯಾರಂಟಿ ಕೊಡುವುದಿಲ್ಲ.