ಅಂಬ್ರೆಲಾ ಕಂಪನಿಯೇ, ಸ್ವಂತ ಲಿಮಿಟೆಡ್ ಕಂಪನಿಯೇ? ಬ್ರಿಟನ್ನಿನಲ್ಲಿ ಕಾಂಟ್ರಾಕ್ಟ್ ಕೆಲಸ ಹಿಡಿಯುವವರಿಗೆ

“ದಿನಕ್ಕೆ 500 ಪೌಂಡ್, ಆರು ತಿಂಗಳ ಕಾಂಟ್ರಾಕ್ಟ್. ಅಂಬ್ರೆಲಾ ಮೂಲಕ ಬರುತ್ತೀರೋ, ಲಿಮಿಟೆಡ್ ಕಂಪನಿ ಇದೆಯೋ?” ಲಂಡನ್, ರೀಡಿಂಗ್, ಮಿಲ್ಟನ್ ಕೀನ್ಸ್ ಸುತ್ತಮುತ್ತ ಐಟಿ ಕೆಲಸದಲ್ಲಿರುವ ಕನ್ನಡಿಗರಿಗೆ ಏಜೆನ್ಸಿಯವರ ಈ ಪ್ರಶ್ನೆ ಹೊಸದಲ್ಲ. ಸಂಜೆಯೊಳಗೆ ಉತ್ತರ ಬೇಕೆಂದು ಅವರು ಅವಸರಪಡಿಸುತ್ತಾರೆ. ಗೆಳೆಯರನ್ನು ಕೇಳಿದರೆ, “ಲಿಮಿಟೆಡ್ ಮಾಡು, ತೆರಿಗೆ ಉಳಿಯುತ್ತದೆ” ಎನ್ನುತ್ತಾರೆ. ಹತ್ತು ವರ್ಷದ ಹಿಂದೆ ಆ ಸಲಹೆಯಲ್ಲಿ ಹುರುಳಿತ್ತು. ಈಗ ಲೆಕ್ಕ ಬೇರೆಯೇ ಆಗಿದೆ.

ಎರಡರ ವ್ಯತ್ಯಾಸ ಇಷ್ಟು: ಅಂಬ್ರೆಲಾ ಕಂಪನಿಯಲ್ಲಿ ನೀವು ನೌಕರರು. ಕ್ಲೈಂಟ್ ಕೊಟ್ಟ ಹಣ ಏಜೆನ್ಸಿಯ ಕೈದಾಟಿ ಅಂಬ್ರೆಲಾಗೆ ಬರುತ್ತದೆ. ಅದು ತೆರಿಗೆ ಮುರಿದುಕೊಂಡು ನಿಮಗೆ ಸಂಬಳ ಹಾಕುತ್ತದೆ. ಲಿಮಿಟೆಡ್ ಕಂಪನಿಯಾದರೆ ನೀವೇ ನಿರ್ದೇಶಕರು, ನೀವೇ ಷೇರುದಾರರು. ಹಣ ಕಂಪನಿಯ ಖಾತೆಗೆ ಬರುತ್ತದೆ. ಅದನ್ನು ಸಂಬಳವಾಗಿ ಎಷ್ಟು, ಡಿವಿಡೆಂಡ್ ಆಗಿ ಎಷ್ಟು ತೆಗೆಯಬೇಕೆಂದು ನೀವೇ ತೀರ್ಮಾನಿಸುತ್ತೀರಿ.

ಹೆಜ್ಜೆ 1: ವೀಸಾ ನೋಡಿಕೊಳ್ಳಿ

ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವವರು ಪ್ರಾಯೋಜಕ ಕಂಪನಿಯ ಕೆಲಸ ಬಿಟ್ಟು ಈ ಎರಡು ದಾರಿಗಳಲ್ಲಿ ಯಾವುದನ್ನೂ ಹಿಡಿಯುವಂತಿಲ್ಲ. ಐಎಲ್‌ಆರ್ (ಬ್ರಿಟನ್ನಿನಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಸಿಕ್ಕವರಿಗೆ, ಬ್ರಿಟಿಷ್ ಪೌರತ್ವ ಪಡೆದವರಿಗೆ ಅಡ್ಡಿಯಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದಾರರ ಅವಲಂಬಿತರಾಗಿ ಬಂದಿರುವ ಗಂಡ ಅಥವಾ ಹೆಂಡತಿ ಸ್ವಂತ ಉದ್ಯೋಗವನ್ನೂ ಮಾಡಬಹುದು.

ಹೆಜ್ಜೆ 2: ಐಆರ್35 ಒಳಗೋ, ಹೊರಗೋ?

ಉಳಿದ ಎಲ್ಲ ಲೆಕ್ಕವೂ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಆದ್ದರಿಂದ ದಿನದ ದರ ಕೇಳುವ ಮೊದಲೇ ಇದನ್ನು ಕೇಳಿ.

ನೌಕರರಂತೆಯೇ ದುಡಿಯುತ್ತ, ನಡುವೆ ಒಂದು ಕಂಪನಿ ಇಟ್ಟುಕೊಂಡು ತೆರಿಗೆ ಉಳಿಸುವುದನ್ನು ತಡೆಯಲು 2000ದ ಏಪ್ರಿಲ್‌ನಲ್ಲಿ ಬಂದ ಕಾನೂನು ಐಆರ್35. ‘ಒಳಗೆ’ ಎಂದರೆ ತೆರಿಗೆಯ ಲೆಕ್ಕಕ್ಕೆ ನೀವು ನೌಕರರಂತೆ, ‘ಹೊರಗೆ’ ಎಂದರೆ ಸ್ವತಂತ್ರ ಉದ್ಯಮದಂತೆ. ತಾನು ಒಳಗಿದ್ದೇನೋ ಹೊರಗಿದ್ದೇನೋ ಎಂಬುದನ್ನು ಮೊದಲೆಲ್ಲ ಕಾಂಟ್ರಾಕ್ಟರೇ ಹೇಳಿಕೊಳ್ಳಬಹುದಿತ್ತು. 2017ರಲ್ಲಿ ಸರ್ಕಾರಿ ವಲಯದಲ್ಲಿ, 2021ರ ಏಪ್ರಿಲ್‌ನಿಂದ ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಸಂಸ್ಥೆಗಳಲ್ಲಿ ಆ ಅಧಿಕಾರ ಕ್ಲೈಂಟ್‌ಗೆ ಹೋಯಿತು. ಕ್ಲೈಂಟ್ ತನ್ನ ತೀರ್ಮಾನವನ್ನು ಕಾರಣಸಹಿತ ಲಿಖಿತವಾಗಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ನೀವು ಆಕ್ಷೇಪ ಸಲ್ಲಿಸಬಹುದು. 45 ದಿನಗಳೊಳಗೆ ಉತ್ತರ ಕೊಡುವುದು ಅವರ ಹೊಣೆ. ಕ್ಲೈಂಟ್ ಸಣ್ಣ ಕಂಪನಿಯಾಗಿದ್ದರೆ ಮಾತ್ರ ತೀರ್ಮಾನ ಇಂದಿಗೂ ನಿಮ್ಮ ಕಂಪನಿಯದ್ದೇ. ಅದು ತಪ್ಪಾದರೆ ಬಾಕಿ ತೆರಿಗೆಯೂ ನಿಮ್ಮ ಕಂಪನಿಯ ತಲೆಗೇ ಬರುತ್ತದೆ.

ನೋಡುವ ಅಂಶಗಳು ಮುಖ್ಯವಾಗಿ ಮೂರು. ಕೆಲಸ ಹೇಗೆ ಮಾಡಬೇಕೆಂದು ಹೇಳುವವರು ಯಾರು? ನಿಮಗೆ ಬದಲಾಗಿ ಬೇರೊಬ್ಬರನ್ನು ಕಳಿಸಬಹುದೇ? ಕ್ಲೈಂಟ್ ಕೆಲಸ ಕೊಡಲೇಬೇಕು, ನೀವು ಮಾಡಲೇಬೇಕು ಎಂಬ ಕಟ್ಟುಪಾಡು ಇದೆಯೇ? ಒಪ್ಪಂದದಲ್ಲಿ ಬರೆದದ್ದಕ್ಕಿಂತ ಕೆಲಸ ನಡೆಯುವ ರೀತಿಗೇ ಇಲ್ಲಿ ತೂಕ ಹೆಚ್ಚು. “ಬದಲಿ ವ್ಯಕ್ತಿಯನ್ನು ಕಳಿಸಬಹುದು” ಎಂದು ಕಾಗದದಲ್ಲಿದ್ದು, ಒಂದು ದಿನದ ರಜೆಗೂ ಮ್ಯಾನೇಜರ್ ಅನುಮತಿ ಬೇಕಾಗಿದ್ದರೆ, ಬೆಳಗಿನ ಮೀಟಿಂಗ್‌ನಲ್ಲಿ ಅವರೇ ದಿನದ ಕೆಲಸ ಹಂಚುತ್ತಿದ್ದರೆ, ಆ ಕಾಗದ ನಿಮ್ಮನ್ನು ಕಾಯುವುದಿಲ್ಲ. ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯ ಜಾಲತಾಣದಲ್ಲಿ ‘ಸೆಸ್ಟ್’ ಎಂಬ ಉಚಿತ ಪ್ರಶ್ನಾವಳಿ ಇದೆ. ಅದನ್ನು ಪ್ರಾಮಾಣಿಕವಾಗಿ ತುಂಬಿ ಫಲಿತಾಂಶವನ್ನು ಉಳಿಸಿಟ್ಟುಕೊಳ್ಳಿ.

ಉತ್ತರ ‘ಒಳಗೆ’ ಎಂದಾದರೆ ಲಿಮಿಟೆಡ್ ಕಂಪನಿಯ ಯೋಚನೆ ಬಿಟ್ಟುಬಿಡಿ ಎಂದೇ ನನ್ನ ಸಲಹೆ. ನಿಮ್ಮ ಕಂಪನಿಗೆ ಹಣ ಕೊಡುವ ಮೊದಲೇ ನೌಕರರ ಸಂಬಳದಂತೆ ತೆರಿಗೆ ಮುರಿಯುತ್ತಾರೆ. ಲೆಕ್ಕಪತ್ರದ ಖರ್ಚು ಮಾತ್ರ ನಿಮಗೆ ಉಳಿಯುತ್ತದೆ, ರಜೆ ವೇತನವೂ ಸಿಗುವುದಿಲ್ಲ. ಅಂಬ್ರೆಲಾ ಹಿಡಿಯಿರಿ. ಏಜೆನ್ಸಿ ತನ್ನದೇ ಸಂಬಳಪಟ್ಟಿಯಲ್ಲಿ ಸೇರಿಸಿಕೊಳ್ಳುವುದಾದರೆ ಅದರ ದರವನ್ನೂ ಕೇಳಿ ಹೋಲಿಸಿ.

ಹೆಜ್ಜೆ 3: ದಿನದ ದರ ಸಂಬಳವಲ್ಲ, ಬಿಡಿಸಿ ನೋಡಿ

ಅಂಬ್ರೆಲಾದ ಮೊದಲ ಪೇಸ್ಲಿಪ್ ಕೈಗೆ ಬಂದಾಗ ಬಹಳ ಮಂದಿ ಗಾಬರಿಯಾಗುವುದು ಮಾಲೀಕರ ಪಾಲಿನ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದ ಮೇಲೆ ಸರ್ಕಾರಕ್ಕೆ ಕಟ್ಟುವ ಸಾಮಾಜಿಕ ವಿಮೆಯ ಕಂತು) ಕೂಡ ತಮ್ಮ ಹಣದಿಂದಲೇ ಹೋಗಿರುವುದನ್ನು ಕಂಡು. ಅದು ಮೋಸವಲ್ಲ. ಏಜೆನ್ಸಿ ಹೇಳುವ ದರದಲ್ಲಿ ಮಾಲೀಕರ ಖರ್ಚೂ ಸೇರಿರುತ್ತದೆ. ಆದರೆ ಇದನ್ನು ಮೊದಲೇ ಬಿಡಿಸಿ ಹೇಳುವವರು ಕಡಿಮೆ.

ಇಂಗ್ಲೆಂಡಿನ ದರದಲ್ಲಿ ಒಂದು ವಾರದ ಲೆಕ್ಕ ಹೀಗಿದೆ. ಐದು ದಿನಕ್ಕೆ 2,500 ಪೌಂಡ್. ಅಂಬ್ರೆಲಾ ತನ್ನ ಶುಲ್ಕವೆಂದು 25 ಪೌಂಡ್ ಇಟ್ಟುಕೊಂಡಿತು ಎನ್ನೋಣ. ಮಾಲೀಕರ ನ್ಯಾಷನಲ್ ಇನ್ಶೂರೆನ್ಸ್ 2025ರ ಏಪ್ರಿಲ್‌ನಿಂದ ಶೇ 15. ಅದಕ್ಕೆ ಸುಮಾರು 309 ಪೌಂಡ್. ಅಪ್ರೆಂಟಿಸ್‌ಶಿಪ್ ಲೆವಿ (ವೃತ್ತಿ ತರಬೇತಿಗಾಗಿ ಮಾಲೀಕರು ಕಟ್ಟುವ ಕರ) ಶೇ 0.5, ಅದಕ್ಕೆ 11. ಉಳಿದ 2,155 ಪೌಂಡ್ ನಿಮ್ಮ ನಿಜವಾದ ಒಟ್ಟು ಸಂಬಳ, ರಜೆ ವೇತನವೂ ಅದರಲ್ಲೇ ಸೇರಿದೆ. ಇದರಲ್ಲಿ ಆದಾಯ ತೆರಿಗೆ ಸುಮಾರು 620, ನಿಮ್ಮ ಪಾಲಿನ ನ್ಯಾಷನಲ್ ಇನ್ಶೂರೆನ್ಸ್ 82 ಹೋಗಿ ಕೈಗೆ ಬರುವುದು 1,453 ಪೌಂಡ್. ಪಿಂಚಣಿಗೆ ಸೇರಿದ್ದರೆ ಇನ್ನೂ ಸ್ವಲ್ಪ ಕಡಿಮೆ.

ಈಗ ಅದೇ ಕೆಲಸ ಐಆರ್35ರ ಹೊರಗಿದ್ದು, ಲಿಮಿಟೆಡ್ ಕಂಪನಿಯ ಮೂಲಕ ವರ್ಷಕ್ಕೆ 46 ವಾರ ದುಡಿದಿರಿ ಎನ್ನಿ. ಕಂಪನಿಗೆ ವ್ಯಾಟ್ ಬಿಟ್ಟು 1,15,000 ಪೌಂಡ್ ಬರುತ್ತದೆ. ನೀವು 12,570 ಪೌಂಡ್ ಸಂಬಳ ತೆಗೆದುಕೊಂಡು, ಅಕೌಂಟೆಂಟ್, ವಿಮೆ ಇತ್ಯಾದಿಗೆ 3,000 ಖರ್ಚು ಮಾಡಿದರೆ, ಕಾರ್ಪೊರೇಷನ್ ತೆರಿಗೆ 22 ಸಾವಿರ ದಾಟುತ್ತದೆ. 50,000 ಪೌಂಡ್‌ವರೆಗಿನ ಲಾಭಕ್ಕೆ ದರ ಶೇ 19. ಅದರಾಚೆ ಏರುತ್ತ ಹೋಗಿ ಎರಡೂವರೆ ಲಕ್ಷ ಮೀರಿದರೆ ಶೇ 25. ಉಳಿದ ಸುಮಾರು 76 ಸಾವಿರವನ್ನು ಪೂರ್ತಿ ಡಿವಿಡೆಂಡ್ ಆಗಿ ತೆಗೆದರೆ, ತೆರಿಗೆಯಿಲ್ಲದ ಭಾಗ ಬರೀ 500 ಪೌಂಡ್. 2026ರ ಏಪ್ರಿಲ್‌ನಿಂದ ಡಿವಿಡೆಂಡ್ ತೆರಿಗೆಯ ಮೂಲ ದರ ಶೇ 10.75, ಅದರ ಮೇಲಿನ ಹಂತದ್ದು ಶೇ 35.75 ಆಗಿದೆ. ಎಲ್ಲ ಕಳೆದು ವರ್ಷಕ್ಕೆ ಕೈಗೆ ಸುಮಾರು 71 ಸಾವಿರ. ಅಂಬ್ರೆಲಾದಲ್ಲಿ ಅದೇ 46 ವಾರಕ್ಕೆ, ತೆರಿಗೆಯನ್ನು ಇಡೀ ವರ್ಷಕ್ಕೆ ಲೆಕ್ಕ ಹಾಕಿದರೆ, ಸುಮಾರು 68 ಸಾವಿರ.

ವ್ಯತ್ಯಾಸ ಮೂರು ಸಾವಿರ ಪೌಂಡ್ ಕೂಡ ಇಲ್ಲ! ವರ್ಷವಿಡೀ ಇನ್‌ವಾಯ್ಸ್, ವ್ಯಾಟ್, ಲೆಕ್ಕಪತ್ರ ಎಂದು ಓಡಾಡಿ, ಸಂಬಳ ಸಹಿತ ರಜೆಯನ್ನೂ ಬಿಟ್ಟುಕೊಟ್ಟದ್ದಕ್ಕೆ ಸಿಗುವುದು ಅಷ್ಟೇ. ಲಿಮಿಟೆಡ್ ಕಂಪನಿಯ ನಿಜವಾದ ಲಾಭ ಇರುವುದು ಹಣವನ್ನು ಒಂದೇ ವರ್ಷದಲ್ಲಿ ಪೂರ್ತಿ ತೆಗೆಯದಿರುವುದರಲ್ಲಿ. ಮೇಲಿನ ಉದಾಹರಣೆಯಲ್ಲೇ ಸಂಬಳ, ಡಿವಿಡೆಂಡ್ ಸೇರಿ 50,270 ಪೌಂಡ್‌ಗೆ ನಿಲ್ಲಿಸಿದರೆ ಶೇ 35.75ರ ತೆರಿಗೆ ತಟ್ಟುವುದೇ ಇಲ್ಲ. ಕೈಗೆ 46 ಸಾವಿರ ಬಂದು, 38 ಸಾವಿರ ಕಂಪನಿಯಲ್ಲಿ ಉಳಿಯುತ್ತದೆ. ಕೆಲಸವಿಲ್ಲದ ತಿಂಗಳುಗಳಿಗೆ ಅದೇ ಆಸರೆ. ಕಂಪನಿಯಿಂದಲೇ ನೇರವಾಗಿ ಪಿಂಚಣಿಗೆ ಕಟ್ಟಿದರೆ ಆ ಮೊತ್ತಕ್ಕೆ ಸಾಮಾನ್ಯವಾಗಿ ಕಾರ್ಪೊರೇಷನ್ ತೆರಿಗೆಯೂ ಇಲ್ಲ, ನ್ಯಾಷನಲ್ ಇನ್ಶೂರೆನ್ಸೂ ಇಲ್ಲ. ಮನೆ ಸಾಲದ ಕಂತು, ಮಕ್ಕಳ ಖರ್ಚು, ಊರಿಗೆ ಕಳಿಸುವ ಹಣ ಎಂದು ಬಂದದ್ದೆಲ್ಲ ಆ ತಿಂಗಳೇ ಬೇಕಾಗುವ ಸಂಸಾರಕ್ಕೆ ಈ ಲಾಭ ದಕ್ಕುವುದಿಲ್ಲ.

ಹೆಜ್ಜೆ 4: ಅಂಬ್ರೆಲಾ ಆದರೆ ಇವನ್ನು ಕೇಳಿ

ಸಹಿ ಹಾಕುವ ಮೊದಲು ಏಜೆನ್ಸಿಯಿಂದ ‘ಕೀ ಇನ್ಫರ್ಮೇಷನ್ ಡಾಕ್ಯುಮೆಂಟ್’ ಪಡೆಯಿರಿ. 2020ರ ಏಪ್ರಿಲ್‌ನಿಂದ ಅದನ್ನು ಕೊಡುವುದು ಕಡ್ಡಾಯ. ಯಾವ ಕಡಿತ ಎಷ್ಟು, ಕೈಗೆ ಎಷ್ಟು ಎಂಬ ಮಾದರಿ ಲೆಕ್ಕ ಅದರಲ್ಲಿರುತ್ತದೆ.

ರಜೆ ವೇತನ ಪ್ರತಿ ವಾರ ಸಂಬಳದೊಂದಿಗೇ ಬರುತ್ತದೆಯೇ ಅಥವಾ ಕೂಡಿಟ್ಟು ರಜೆ ಹಾಕಿದಾಗ ಕೊಡುತ್ತಾರೆಯೇ ಎಂದು ವಿಚಾರಿಸಿ. ಕೂಡಿಡುವುದಾದರೆ ರಜೆಯ ವರ್ಷ ಎಂದಿಗೆ ಮುಗಿಯುತ್ತದೆಂದು ಬರೆದಿಟ್ಟುಕೊಳ್ಳಿ. ಗಡುವಿನೊಳಗೆ ರಜೆ ಕೇಳದಿದ್ದರೆ ಆ ಹಣ ಕೈತಪ್ಪಬಹುದು. ವರ್ಷಕ್ಕೊಮ್ಮೆ ಮೂರು ನಾಲ್ಕು ವಾರ ಊರಿಗೆ ಬರುವವರಿಗೆ ಇದು ಸಣ್ಣ ಮೊತ್ತವಲ್ಲ. ಹೆರಿಗೆ ವೇತನದ ಅಗತ್ಯ ಬೀಳಬಹುದೆಂದಿದ್ದರೆ ಪದೇ ಪದೇ ಅಂಬ್ರೆಲಾ ಬದಲಿಸಬೇಡಿ. ಒಂದೇ ಮಾಲೀಕರ ಬಳಿ 26 ವಾರಗಳ ನಿರಂತರ ಸೇವೆ ಇರಬೇಕಾಗುತ್ತದೆ.

“ಶೇ 85 ಕೈಗೆ ಕೊಡುತ್ತೇವೆ” ಎನ್ನುವವರಿಂದ ದೂರವಿರಿ. ಮೇಲೆ ಹಾಕಿದ ಲೆಕ್ಕದಲ್ಲಿ ಕಾನೂನಿನಂತೆ ಕೈಗೆ ಬಂದದ್ದು ಶೇ 58 ಮಾತ್ರ. ಆ ದರಕ್ಕೆ ಶೇ 85 ಬರಬೇಕಾದರೆ ಎಲ್ಲೋ ತೆರಿಗೆ ತಪ್ಪುತ್ತಿದೆ ಎಂದೇ ಅರ್ಥ. ಸಂಬಳದ ಒಂದು ಭಾಗವನ್ನು ‘ಸಾಲ’ ಎಂದು ತೋರಿಸಿ ಕೊಡುವ ಯೋಜನೆಗಳಿಗೆ ಸಿಕ್ಕಿದವರ ಬೆನ್ನು ಬಿದ್ದ ಎಚ್‌ಎಂಆರ್‌ಸಿ, ವರ್ಷಗಳ ಬಳಿಕವೂ ದುಡಿದವರಿಂದಲೇ ತೆರಿಗೆ ಕೇಳಿತು. ಅಂಬ್ರೆಲಾ ಕಟ್ಟದ ತೆರಿಗೆಗೆ 2026ರ ಏಪ್ರಿಲ್‌ನಿಂದ ಏಜೆನ್ಸಿಯೂ ಹೊಣೆ. ಹಾಗೆಂದು ಮೈಮರೆಯಬೇಡಿ. ಪೇಸ್ಲಿಪ್ಪಿನ ಅಂಕಿಗಳು ಎಚ್‌ಎಂಆರ್‌ಸಿಯ ನಿಮ್ಮ ಆನ್‌ಲೈನ್ ಖಾತೆಯಲ್ಲೂ ಕಾಣುತ್ತಿವೆಯೇ ಎಂದು ಪ್ರತಿ ತಿಂಗಳು ನೋಡಿ.

ಹೆಜ್ಜೆ 5: ಲಿಮಿಟೆಡ್ ಆದರೆ ಇವು ನಿಮ್ಮ ಹೊಣೆ

ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಸಂಸ್ಥೆಯಾದ ಕಂಪನೀಸ್ ಹೌಸ್‌ನಲ್ಲಿ ಆನ್‌ಲೈನ್ ನೋಂದಣಿ ಸುಲಭ, ಆಮೇಲಿನದು ಶಿಸ್ತಿನ ಕೆಲಸ. ಕಂಪನಿಗೆ ಬೇರೆ ಬ್ಯಾಂಕ್ ಖಾತೆ ಇರಲಿ. ಹನ್ನೆರಡು ತಿಂಗಳ ವಹಿವಾಟು 90,000 ಪೌಂಡ್ ದಾಟಿದರೆ ವ್ಯಾಟ್ ನೋಂದಣಿ ಕಡ್ಡಾಯ. ವ್ಯಾಟ್ ಮತ್ತು ಕಾರ್ಪೊರೇಷನ್ ತೆರಿಗೆಯ ಹಣವನ್ನು ಬಂದ ದಿನವೇ ಬೇರೆ ತೆಗೆದಿಡಿ, ಅದು ನಿಮ್ಮದಲ್ಲ. ಕಾರ್ಪೊರೇಷನ್ ತೆರಿಗೆ ಕಟ್ಟಲು ಲೆಕ್ಕದ ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳು ಒಂದು ದಿನದ ಅವಕಾಶವಿದೆ. ಆ ಅವಧಿಯಲ್ಲಿ ಖಾತೆಯಲ್ಲಿ ಕಾಣುವ ಮೊತ್ತ ನೋಡಿ ಕಾರು ಬುಕ್ ಮಾಡಿದರೆ ಕೊನೆಗೆ ತೆರಿಗೆ ಕಟ್ಟಲು ಸಾಲ ಮಾಡಬೇಕಾಗುತ್ತದೆ.

ಕಾಂಟ್ರಾಕ್ಟ್ ಮುಗಿದು ಕಾಯಂ ಕೆಲಸಕ್ಕೆ ಸೇರಿದರೂ, ಬೆಂಗಳೂರಿಗೆ ಮರಳಿದರೂ ಕಂಪನಿ ತಾನಾಗಿ ಮುಚ್ಚುವುದಿಲ್ಲ. ವಹಿವಾಟಿಲ್ಲದಿದ್ದರೂ ವಾರ್ಷಿಕ ಲೆಕ್ಕ ಸಲ್ಲಿಸಬೇಕು. ತಡವಾದರೆ ದಂಡ 150 ಪೌಂಡ್‌ನಿಂದ ಶುರುವಾಗಿ, ಆರು ತಿಂಗಳು ಮೀರಿದರೆ 1,500ಕ್ಕೆ ಏರುತ್ತದೆ. ಆದ್ದರಿಂದ ತೆರಿಗೆ ಬಾಕಿಗಳನ್ನು ತೀರಿಸಿ, ಉಳಿದ ಹಣವನ್ನು ಹೊರತೆಗೆದು, ಕಂಪನಿಯ ಹೆಸರನ್ನು ನೋಂದಣಿಯಿಂದ ತೆಗೆಸಲು ಅರ್ಜಿ ಹಾಕಿ. ಉಳಿಕೆ 25,000 ಪೌಂಡ್‌ಗಿಂತ ಹೆಚ್ಚಿದ್ದರೆ ಹಣ ಹಂಚಿಕೊಳ್ಳುವ ಮೊದಲು ಅಕೌಂಟೆಂಟ್ ಜೊತೆ ಕುಳಿತು ಮಾತನಾಡಿ. ಆ ಮಿತಿಯ ಮೇಲೆ ಲಿಕ್ವಿಡೇಟರ್ (ಕಂಪನಿಯ ಆಸ್ತಿ, ಸಾಲ ಚುಕ್ತಾ ಮಾಡಿ ಮುಚ್ಚುವ ಅಧಿಕೃತ ವೃತ್ತಿಪರ) ಮೂಲಕ ಮುಚ್ಚುವುದಕ್ಕೂ ಡಿವಿಡೆಂಡ್ ಆಗಿ ತೆಗೆಯುವುದಕ್ಕೂ ತೆರಿಗೆ ಬೇರೆ ಬೇರೆ.