ಬ್ರಾಯ್ಲರ್ ಫೀಡ್‌ಗೆ ಡಿಡಿಜಿಎಸ್ ಹಾಕುವ ಮುಂಚೆ

ದಾವಣಗೆರೆ ಕಡೆ ಫೀಡ್ ತಾವೇ ಮಿಕ್ಸ್ ಮಾಡಿಕೊಳ್ಳುವವರಿಗೆ ಒಂದು ಮಾತು. ಸೋಯಾ ಹಿಂಡಿ ರೇಟು ಏರಿದಾಗ ಎಲ್ಲರ ಕಣ್ಣು ಡಿಡಿಜಿಎಸ್ ಮೇಲೆ ಬೀಳುತ್ತದೆ, ಅಲ್ವಾ? ಡಿಸ್ಟಿಲರಿಯಲ್ಲಿ ಧಾನ್ಯದ ಪಿಷ್ಟ ಆಲ್ಕೋಹಾಲ್ ಆದ ಮೇಲೆ ಉಳಿದದ್ದನ್ನು ಒಣಗಿಸಿದ ಪುಡಿ ಇದು. ಅಕ್ಕಿಯದ್ದಾದರೆ ಪ್ರೋಟೀನ್ ಸುಮಾರು ಶೇ 45, ಮೆಕ್ಕೆಜೋಳದ್ದಾದರೆ ಶೇ 27ರಿಂದ 30. ಯಾವುದು ಅಂತ ಕೇಳದೆ ತರಬೇಡಿ.

ನನಗೆ ಜಾಸ್ತಿ ಭಯ ಬೂಸ್ಟಿನದು. ಪಿಷ್ಟ ಹೋದ ಮೇಲೆ ಕಾಳಿನಲ್ಲಿದ್ದ ಅಫ್ಲಾಟಾಕ್ಸಿನ್ (ಬೂಸ್ಟು ಬಿಡುವ ವಿಷ) ಸುಮಾರು ಮೂರು ಪಟ್ಟು ಸಾಂದ್ರವಾಗಿ ಉಳಿಯುತ್ತದೆ. ಮಳೆಯಲ್ಲಿ ನೆನೆದ ಮೆಕ್ಕೆಜೋಳ ಎಷ್ಟು ಬೇಗ ಬೂಸ್ಟು ಹಿಡಿಯುತ್ತದೆ ಅಂತ ನಮ್ಮ ಊರಿನವರಿಗೆ ಹೇಳಬೇಕಿಲ್ಲ. ಹೋದ ವರ್ಷ ಮುಗ್ಗಲು ವಾಸನೆಯ ಲಾಟ್ ಹಾಕಿ, ನಮ್ಮ ಒಂದು ಬ್ಯಾಚ್ ತೂಕವೇ ಬರಲಿಲ್ಲ. ಈಗ ಪ್ರತಿ ಲಾಟ್ ಲ್ಯಾಬ್‌ಗೆ ಕಳಿಸುತ್ತೇನೆ, ಈ ವಿಷವನ್ನು ಹಿಡಿದಿಡುವ ಟಾಕ್ಸಿನ್ ಬೈಂಡರ್ ಪುಡಿ ಹಾಕುವುದನ್ನೂ ಬಿಡುವುದಿಲ್ಲ.

ಬಣ್ಣವನ್ನೂ ನೋಡಿ. ಮೆಕ್ಕೆಜೋಳದ್ದು ಹೊಂಬಣ್ಣ ಇದ್ದರೆ ಒಳ್ಳೆಯದು. ಕಪ್ಪಗಾಗಿ ಸೀದ ವಾಸನೆ ಬಂದರೆ ಲೈಸಿನ್ (ಕೋಳಿ ಬೆಳೆಯಲು ಬೇಕಾದ ಒಂದು ಅಮೈನೋ ಆಮ್ಲ) ಸುಟ್ಟುಹೋಗಿದೆ ಅಂತಲೇ ಅರ್ಥ. ಮೊದಲೇ ಇದರಲ್ಲಿ ಲೈಸಿನ್ ಕಡಿಮೆ, ಹಾಗಾಗಿ ಬೇರೆಯಾಗಿ ಸೇರಿಸಲೇಬೇಕು.

ಮರಿಗಳಿಗೆ ಮೊದಲು ಕೊಡುವ ಸ್ಟಾರ್ಟರ್ ಫೀಡ್‌ಗೆ ನಾನು ಹಾಕುವುದಿಲ್ಲ. ಆಮೇಲೆ ಶೇ 5ರಿಂದ ಶುರು ಮಾಡಿ ಮಾರುವ ಮುಂಚಿನ ಫಿನಿಶರ್ ಫೀಡ್‌ನಲ್ಲಿ ಶೇ 10ಕ್ಕೆ ನಿಲ್ಲಿಸುತ್ತೇನೆ.