ರೇಡಿಯೋಹೆಡ್‌ನ ಎ ಮೂನ್ ಶೇಪ್ಡ್ ಪೂಲ್ ಹೆಂಗ್ ಕೇಳ್ಬೇಕು

ಕ್ರೀಪ್ ಹಾಡು ಕೇಳಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೋಹೆಡ್ ಹಚ್ಕೊಂಡು, ಅವರ ಓಕೆ ಕಂಪ್ಯೂಟರ್ ಆಲ್ಬಮ್ ತನಕ ಬಂದು ಅಲ್ಲೇ ನಿಂತೋರಿಗೆ ಇದು. 2016ರ ಮೇನಲ್ಲಿ ಬಂದ ಎ ಮೂನ್ ಶೇಪ್ಡ್ ಪೂಲ್ ಅವರ ಒಂಬತ್ತನೇ ಆಲ್ಬಮ್, 11 ಹಾಡು, ಸುಮಾರು 52 ನಿಮಿಷ. ಇದ್ರಲ್ಲಿ ಗಿಟಾರ್ ಅಬ್ಬರ ಹುಡುಕ್ತಾ ಕೂತ್ರೆ ಏನೂ ಸಿಗಲ್ಲ, ನಾನೂ ಮೊದಲ ಸಲ ಹಂಗೇ ಕೇಳಿ ನಾಲ್ಕನೇ ಹಾಡಿಗೆ ಎದ್ದು ಹೋಗಿದ್ದೆ.

ಆಲ್ಬಮ್ ಶುರು ಮಾಡೋಕ್ ಮುಂಚೆ ಒಂದು ಕೆಲ್ಸ ಮಾಡಿ. 2001ರ ಅವರ ಲೈವ್ ರೆಕಾರ್ಡ್ ಐ ಮೈಟ್ ಬಿ ರಾಂಗ್ ಇದ್ಯಲ್ಲ, ಅದರ ಕೊನೇ ಹಾಡು ಟ್ರೂ ಲವ್ ವೇಟ್ಸ್ ಕೇಳಿ. ಬ್ಯಾಂಡಿನ ಹಾಡುಗಾರ ಥಾಮ್ ಯಾರ್ಕ್ ಅಕೂಸ್ಟಿಕ್ ಗಿಟಾರ್ ಜೋರಾಗಿ ಬಾರಿಸ್ತಾ, ಹೋಗ್ಬೇಡ ಅಂತ ಅಂಗಲಾಚ್ತಾನೆ. ಅದು ಕಿವೀಲಿ ಇರ್ಲಿ.

ಆಮೇಲೆ ಶಫಲ್ ತೆಗೀರಿ. ಹಾಡುಗಳನ್ನ ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಜೋಡಿಸಿದಾರೆ, ಹಂಗಂದ್ರೆ ಎಲ್ಲಿಂದ ಕೇಳಿದ್ರೂ ನಡೆಯತ್ತೆ ಅನ್ಸತ್ತೆ, ಖಂಡಿತ ನಡೆಯಲ್ಲ. ಫೋನ್ ಸ್ಪೀಕರೂ ಬೇಡ, ಹೆಡ್‌ಫೋನೇ ಹಾಕ್ಕೊಳಿ.

ಮೊದಲ ಹಾಡು ಬರ್ನ್ ದ ವಿಚ್‌ನಲ್ಲಿ ಟಕಟಕ ಅಂತ ಓಡೋದು ಗಿಟಾರ್ ಅಲ್ಲ, ಲಂಡನ್ ಕಂಟೆಂಪರರಿ ಆರ್ಕೆಸ್ಟ್ರಾದವರು ವಯಲಿನ್, ಚೆಲ್ಲೋ ತಂತೀನ ಕಮಾನು ಬಿಟ್ಟು ಗಿಟಾರ್ ಮೀಟೋ ಪ್ಲೆಕ್ಟ್ರಮ್‌ನಿಂದ ಬಾರಿಸಿರೋದು. ಸ್ಟ್ರಿಂಗ್ಸ್, ಅಂದ್ರೆ ಈ ವಯಲಿನ್-ಚೆಲ್ಲೋ ಭಾಗ, ಎಲ್ಲಾ ಬ್ಯಾಂಡಿನ ಗಿಟಾರಿಸ್ಟ್ ಜಾನಿ ಗ್ರೀನ್‌ವುಡ್ ಬರೆದಿದ್ದು, ಇಡೀ ಆಲ್ಬಮ್‌ನಲ್ಲಿ ನೀವು ಬೆನ್ನು ಹತ್ತಬೇಕಾಗಿರೋದು ಅದನ್ನೇ.

ಮುಂದಿನ ಹಾಡು ಡೇಡ್ರೀಮಿಂಗ್‌ಗೆ ಟೈಮ್ ಕೊಡಿ, ಆರು ನಿಮಿಷದ ಮೇಲಿದೆ. ಶುರುನಲ್ಲಿ ಟೇಪ್ ಎಳೆದಂಗೆ ಸ್ವರ ಜಾರತ್ತೆ, ಆಮೇಲೆ ಪಿಯಾನೋ ಅವೇ ಕೆಲವು ಸ್ವರ ಸುತ್ತಾಕ್ತಾ ಇರತ್ತೆ, ಕೊನೇ ನಿಮಿಷಕ್ಕೆ ಬಂದಾಗ ವಾಲ್ಯೂಮ್ ಮುಟ್ಟಬೇಡಿ, ಸ್ಟ್ರಿಂಗ್ ತುಂಬಾ ಸಡಿಲ ಬಿಟ್ಟ ಚೆಲ್ಲೋಗಳು ಗೊರಕೆ ಥರ ಗುರುಗುಟ್ತಾವೆ, ಅದರೊಳಗೆ ಯಾರ್ಕ್ ದನಿ ಉಲ್ಟಾ ಓಡತ್ತೆ. 23 ವರ್ಷ ಜೊತೆಗಿದ್ದ ಸಂಗಾತಿಯಿಂದ ಅವನು ಬೇರೆ ಆಗಿದ್ದು 2015ರಲ್ಲಿ. ಇದನ್ನ ತಿಳ್ಕೊಂಡು ಕೇಳಿದ್ರೆ ಆ ಗುರುಗುಟ್ಟೋ ಸದ್ದು ಎದೆಗೇ ಬಂದು ಕೂರತ್ತೆ, ನಂಗಂತೂ ಹಂಗೇ ಆಯ್ತು.

ನಡುವಿನ ಹಾಡುಗಳು ಒಂದೇ ಸಲಕ್ಕೆ ಹಿಡಿಸ್ದೇ ಇದ್ರೆ ಪರ್ವಾಗಿಲ್ಲ, ಮುಂದೆ ಹೋಗಿ. ರಾಕ್ ಬೇಕೇ ಬೇಕು ಅನ್ನೋರಿಗೆ ಫುಲ್ ಸ್ಟಾಪ್ ಹಾಡಿನ ಬೇಸ್ ಗಿಟಾರ್ ಇದೆ, ಐಡೆಂಟಿಕಿಟ್ ಕೊನೇಲಿ ಗಿಟಾರ್ ಸೋಲೋನೂ ಇದೆ. ಪ್ರೆಸೆಂಟ್ ಟೆನ್ಸ್ ಮಾತ್ರ ಬಿಡಬೇಡಿ, ಬ್ರೆಜಿಲ್‌ನ ಬೊಸ್ಸಾ ನೋವಾ ಲಯದಲ್ಲಿ ಕೈಬೆರಳಲ್ಲಿ ನುಡಿಸೋ ಗಿಟಾರು, ನನಗೆ ಇಡೀ ಆಲ್ಬಮ್‌ನಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ.

ಈಗ ಹನ್ನೊಂದನೇದು, ಮತ್ತೆ ಅದೇ ಟ್ರೂ ಲವ್ ವೇಟ್ಸ್. 1995ರಿಂದ ವೇದಿಕೆ ಮೇಲೆ ಹಾಡ್ತಾ ಇದ್ರೂ ಸ್ಟುಡಿಯೋ ಆಲ್ಬಮ್‌ಗೆ ಸೇರೋಕೆ 21 ವರ್ಷ ಹಿಡೀತು. ಇಲ್ಲಿ ಗಿಟಾರ್ ಇಲ್ಲ. ಪಿಯಾನೋ ಒಂದೊಂದೇ ಹನಿ ಬಿದ್ದಂಗೆ ಬೀಳತ್ತೆ, ಅದರ ಮೇಲೆ ಇನ್ನೊಂದು ಪಿಯಾನೋ ತಾಳ ತಪ್ಪಿದಂಗೆ ಬಂದು ಸೇರತ್ತೆ, ಅದೇ ಮಾತು, ಆದ್ರೆ ಅಂಗಲಾಚೋ ಜೋರು ಹೋಗಿದೆ, ಹೋದೋರು ಹೋಗಾಯ್ತು ಅಂತ ಗೊತ್ತಿದ್ದೂ ಹೇಳ್ತಿರೋ ದನಿ. ಮೊದಲೇ ಹಳೇದನ್ನ ಕೇಳಿ ಅಂದಿದ್ದು ಇದಕ್ಕೇ.

ಆಟೋಪ್ಲೇ ಮಾತ್ರ ಮುಂಚೇನೇ ಆಫ್ ಮಾಡಿಟ್ಕೊಳಿ, ಆ ಕೊನೇ ಪಿಯಾನೋ ಸ್ವರ ಆರೋಕ್ ಮುಂಚೆ ಇನ್ಯಾವ್ದೋ ಹಾಡು ಬಂದು ಮೇಲೆ ಬೀಳಬಾರದು.